ಸಂಬಳದ ಆಚೆಗಿರುವ ಸಂಬಳ: ಬೆಂಗಳೂರಿನ ನೌಕರಿಯ ಸವಲತ್ತುಗಳನ್ನು ಓದಿ, ಕೇಳಿ, ಪಡೆಯುವ ಬಗೆ

ಹೊಸ ಕೆಲಸದ ಆಫರ್ ಲೆಟರ್ ಕೈಗೆ ಬಂದಾಗ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ವಾರ್ಷಿಕ ಮೊತ್ತದ ಕಡೆಗೆ. ಅದರ ಕೆಳಗಿರುವ ಭವಿಷ್ಯ ನಿಧಿ (ಪಿಎಫ್), ಗ್ರಾಚ್ಯುಟಿ (ನಿಗದಿತ ಅವಧಿ ದುಡಿದವರಿಗೆ ಕೆಲಸ ಬಿಡುವಾಗ ಸಿಗುವ ಇಡಿಗಂಟು), ಗುಂಪು ವಿಮೆ, ರಜೆ ಎಂಬ ಸಾಲುಗಳನ್ನು ಎಲ್ಲ ಕಂಪನಿಗಳಲ್ಲೂ ಇರುವಂಥದ್ದೇ ಎಂದು ದಾಟಿ ಸಹಿ ಹಾಕಿಬಿಡುತ್ತಾರೆ. ಬೆಂಗಳೂರಿನ ಕಂಪನಿಗಳ ಮಾನವ ಸಂಪನ್ಮೂಲ ವಿಭಾಗದಲ್ಲಿ ಹಲವು ವರ್ಷ ದುಡಿದ ನಾನು, ಹಾಸನದಿಂದಲೋ ಕಲಬುರಗಿಯಿಂದಲೋ ಬಂದು ಮೊದಲ ಕೆಲಸಕ್ಕೆ ಸೇರುವ ಮಕ್ಕಳಿಗೂ, ಹತ್ತು ವರ್ಷ ಅನುಭವವಿರುವವರಿಗೂ ಒಂದೇ ಮಾತು ಹೇಳುತ್ತ ಬಂದಿದ್ದೇನೆ. ಸವಲತ್ತು ಕಂಪನಿ ಪ್ರೀತಿಯಿಂದ ಕೊಡುವ ಉಡುಗೊರೆಯಲ್ಲ, ಅದು ನಿಮ್ಮ ಸಂಬಳದ್ದೇ ಒಂದು ಭಾಗ. ಆದ್ದರಿಂದ ಸಂಬಳವನ್ನು ಎಣಿಸಿಕೊಳ್ಳುವಷ್ಟೇ ಎಚ್ಚರದಿಂದ ಅದನ್ನೂ ಎಣಿಸಿಕೊಳ್ಳಬೇಕು. ಹಾಗೆ ಎಣಿಸುವುದಕ್ಕೆ ಬೇಕಾದ ಲೆಕ್ಕ, ಕೇಳಬೇಕಾದ ಪ್ರಶ್ನೆ ಮತ್ತು ಮಾಡಿಡಬೇಕಾದ ಕಾಗದಪತ್ರಗಳನ್ನು ಇಲ್ಲಿ ವಿವರಿಸಿದ್ದೇನೆ.

ಒಂದು ಭೇದವನ್ನು ಮೊದಲೇ ತಿಳಿದಿರಬೇಕು. ಕೆಲವು ಸವಲತ್ತುಗಳನ್ನು ಕಾನೂನು ಕೊಡಿಸುತ್ತದೆ: ಭವಿಷ್ಯ ನಿಧಿ, ನೌಕರರ ರಾಜ್ಯ ವಿಮೆ (ಇಎಸ್‌ಐ), ಗ್ರಾಚ್ಯುಟಿ, ಹೆರಿಗೆ ರಜೆ, ಬೋನಸ್, ವಾರ್ಷಿಕ ರಜೆ ಈ ಗುಂಪಿಗೆ ಸೇರುತ್ತವೆ. ಇವನ್ನು ಕಂಪನಿ ತನ್ನ ಇಷ್ಟದಂತೆ ಕಡಿಮೆ ಮಾಡುವಂತಿಲ್ಲ. ಬೇಡವೆಂದು ನೀವು ಬರೆದುಕೊಟ್ಟರೂ ಆ ಬರಹ ನಿಲ್ಲುವುದಿಲ್ಲ. ಉಳಿದವು, ಅಂದರೆ ಗುಂಪು ಆರೋಗ್ಯ ವಿಮೆ, ಊಟದ ಕಾರ್ಡ್, ಷೇರು, ಕ್ಯಾಬ್, ಕಲಿಕೆಯ ಭತ್ಯೆ ಮುಂತಾದವು ಬಹುಮಟ್ಟಿಗೆ ಕಂಪನಿಯ ನೀತಿಯಿಂದ ಬರುತ್ತವೆ, ನೀತಿ ಬದಲಾದರೆ ಹೋಗಲೂಬಹುದು. ಮೊದಲನೆಯ ಗುಂಪಿನಲ್ಲಿ ಸರಿಯಾಗಿ ಸಿಗುತ್ತಿದೆಯೇ ಎಂದು ಪರೀಕ್ಷಿಸಬೇಕು. ಎರಡನೆಯದರಲ್ಲಿ ಏನು, ಎಷ್ಟು, ಯಾವಾಗಿನವರೆಗೆ ಎಂಬುದನ್ನು ಬರಹದಲ್ಲಿ ಪಡೆಯಬೇಕು.

ಸಿಟಿಸಿಯನ್ನು ಬಿಡಿಸುವುದು

ಸಿಟಿಸಿ ಎಂದರೆ ನಿಮ್ಮನ್ನು ಕೆಲಸದಲ್ಲಿಟ್ಟುಕೊಳ್ಳಲು ಕಂಪನಿಗೆ ವರ್ಷಕ್ಕೆ ತಗಲುವ ಒಟ್ಟು ವೆಚ್ಚ. ನಿಮ್ಮ ಬ್ಯಾಂಕ್ ಖಾತೆಗೆ ಬರುವ ಮೊತ್ತವಲ್ಲ. ವರ್ಷಕ್ಕೆ 9 ಲಕ್ಷ ರೂಪಾಯಿಯ ಒಂದು ಕೆಲಸವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ತಿಂಗಳಿಗೆ ಭಾಗಿಸಿದರೆ 75,000. ಅದರಲ್ಲಿ ಮೂಲ ವೇತನ 37,500 ಎಂದೂ, ಹತ್ತರಲ್ಲಿ ಒಂದು ಪಾಲು, ಅಂದರೆ 7,500, ಕೆಲಸದ ಮೌಲ್ಯಮಾಪನದ ಮೇಲೆ ಸಿಗುವ ವೇರಿಯಬಲ್ ಪೇ ಎಂದೂ ಇಟ್ಟುಕೊಳ್ಳಿ. ಕಂಪನಿಯ ಪಾಲಿನ ಪಿಎಫ್ ಮೂಲ ವೇತನದ ಶೇ. 12ರಂತೆ 4,500, ಗ್ರಾಚ್ಯುಟಿಗಾಗಿ ತೆಗೆದಿಡುವ ಶೇ. 4.81ರಂತೆ 1,804, ವಿಮೆಯ ಕಂತು 1,000. ಇವನ್ನೆಲ್ಲ ಕಳೆದರೆ 60,196 ಉಳಿಯುತ್ತದೆ. ಅದರಿಂದ ನಿಮ್ಮ ಪಾಲಿನ ಪಿಎಫ್ 4,500 ಮತ್ತು ವೃತ್ತಿ ತೆರಿಗೆ 200 ಕಡಿತವಾದ ಮೇಲೆ ಕೈಗೆ ಬರುವುದು 55,496. ತಿಂಗಳಿಗೆ 75,000 ಬರುತ್ತದೆಂದು ನಂಬಿ ವೈಟ್‌ಫೀಲ್ಡ್‌ನಲ್ಲಿ ಮನೆ ಹಿಡಿದು, ಮುಂಗಡ ಕೊಟ್ಟು, ಆಮೇಲೆ ಬಾಡಿಗೆಗೆ ಪರದಾಡಿದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಇಲ್ಲಿ ಕಳೆದ ಹಣವೆಲ್ಲ ಹಾಳಾಯಿತೆಂದಲ್ಲ. ಪಿಎಫ್‌ನ ಎರಡೂ ಪಾಲು ನಿಮ್ಮದೇ. ಗ್ರಾಚ್ಯುಟಿ ಮಾತ್ರ ನಿಗದಿತ ಅವಧಿ ಪೂರೈಸಿದರೆ ನಿಮ್ಮದು, ಇಲ್ಲವಾದರೆ ಇಲ್ಲ. ವೇರಿಯಬಲ್ ಪೇ ಕಂಪನಿಯ ಲಾಭದ ಮೇಲೂ ನಿಮ್ಮ ಮೇಲಧಿಕಾರಿಯ ಅಂಕದ ಮೇಲೂ ನಿಂತಿರುತ್ತದೆ. ಎರಡು ಆಫರ್‌ಗಳನ್ನು ಹೋಲಿಸುವಾಗ ಒಟ್ಟು ಮೊತ್ತವನ್ನು ಹೋಲಿಸದೆ, ಖಚಿತವಾಗಿ ತಿಂಗಳಿಗೆ ಬರುವುದು, ಖಚಿತವಾಗಿ ಮುಂದೆ ಬರುವುದು, ಷರತ್ತಿನ ಮೇಲೆ ಬರುವುದು ಎಂದು ಮೂರು ಕಂಬಸಾಲುಗಳಲ್ಲಿ ಬರೆದುಕೊಂಡು ಹೋಲಿಸಬೇಕು. ಸೇರುವಾಗ ಕೊಡುವ ಜಾಯ್ನಿಂಗ್ ಬೋನಸ್ ಮೂರನೆಯ ಸಾಲಿಗೆ ಸೇರಬೇಕಾದದ್ದು, ಏಕೆಂದರೆ ಒಂದು ವರ್ಷದೊಳಗೆ ಬಿಟ್ಟರೆ ಅದನ್ನು ಹಿಂದಿರುಗಿಸಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ವೇತನ ಎಂಬ ಪದಕ್ಕೆ ಹೊಸ ವ್ಯಾಖ್ಯೆ ಕೊಟ್ಟಿವೆ. ಮನೆ ಬಾಡಿಗೆ ಭತ್ಯೆಯಂಥ, ವೇತನದ ಲೆಕ್ಕದಿಂದ ಹೊರಗಿಟ್ಟ ಅಂಶಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನವೆಂದೇ ಲೆಕ್ಕ ಹಿಡಿಯಬೇಕು. ಮೂಲ ವೇತನವನ್ನು ಸಣ್ಣದಾಗಿ ತೋರಿಸಿ, ಸ್ಪೆಷಲ್ ಅಲೊಯೆನ್ಸ್ ಎಂಬ ಹೆಸರಿನಲ್ಲಿ ಉಳಿದದ್ದನ್ನು ತುಂಬುತ್ತಿದ್ದ ಪದ್ಧತಿಗೆ ಇದರಿಂದ ತಡೆ ಬೀಳುತ್ತದೆ. ಗ್ರಾಚ್ಯುಟಿಯಂಥ ಮೊತ್ತಗಳು ಹೆಚ್ಚುತ್ತವೆ. ನಿಮ್ಮ ಪೇ ಸ್ಲಿಪ್‌ನಲ್ಲಿ ಮೂಲ ವೇತನ ಒಟ್ಟು ಮೊತ್ತದ ಕಾಲುಭಾಗ ಮಾತ್ರವಿದ್ದರೆ, ಗ್ರಾಚ್ಯುಟಿಯನ್ನು ಯಾವ ವೇತನದ ಮೇಲೆ ಲೆಕ್ಕ ಹಾಕುತ್ತಿದ್ದೀರಿ ಎಂದು ಬರಹದಲ್ಲಿ ಕೇಳುವುದು ನ್ಯಾಯವಾದ ಪ್ರಶ್ನೆ.

ಭವಿಷ್ಯ ನಿಧಿ

20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಪಿಎಫ್ ಅನ್ವಯಿಸುತ್ತದೆ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 12 ನಿಮ್ಮಿಂದ, ಅಷ್ಟೇ ಕಂಪನಿಯಿಂದ. ಆದರೆ ಕಡ್ಡಾಯವಿರುವುದು 15,000 ರೂಪಾಯಿ ವೇತನದ ಮಿತಿಯವರೆಗೆ ಮಾತ್ರವಾದ್ದರಿಂದ, ಕೆಲವು ಕಂಪನಿಗಳು ಮೂಲ ವೇತನ ಎಷ್ಟೇ ಇದ್ದರೂ ತಿಂಗಳಿಗೆ 1,800 ರೂಪಾಯಿ ಮಾತ್ರ ಕಟ್ಟುತ್ತವೆ. ಮೇಲಿನ ಉದಾಹರಣೆಯಲ್ಲಿ 4,500ಕ್ಕೂ 1,800ಕ್ಕೂ ವರ್ಷಕ್ಕೆ 32,400 ರೂಪಾಯಿ ವ್ಯತ್ಯಾಸ. ಆ ವ್ಯತ್ಯಾಸ ಬೇರೆ ಭತ್ಯೆಯಾಗಿ ಕೈಗೆ ಬರುತ್ತದೆಯೇ ಅಥವಾ ಬರುವುದೇ ಇಲ್ಲವೇ ಎಂಬುದನ್ನು ಕೇಳಿಕೊಳ್ಳಿ. 2024-25ನೇ ಸಾಲಿಗೆ ಪಿಎಫ್ ಬಡ್ಡಿ ಶೇ. 8.25 ಇತ್ತು, ಇಷ್ಟು ಭದ್ರತೆಯ ಜೊತೆಗೆ ಇಷ್ಟು ಬಡ್ಡಿ ಬೇರೆ ಕಡೆ ದೊರೆಯುವುದು ಕಷ್ಟವಾದ್ದರಿಂದ, ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಪೂರ್ಣ ಮೂಲ ವೇತನದ ಮೇಲೆ ಕಟ್ಟಿಸುವುದನ್ನೇ ನಾನು ಸೂಚಿಸುತ್ತೇನೆ.

ಕಂಪನಿಯ ಪಾಲಿನಲ್ಲಿ ಶೇ. 8.33, ಗರಿಷ್ಠ 1,250 ರೂಪಾಯಿ, ಪಿಂಚಣಿ ಯೋಜನೆಗೆ ಹೋಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. 2014ರ ಸೆಪ್ಟೆಂಬರ್ 1ರ ಬಳಿಕ ಮೊದಲ ಬಾರಿಗೆ ಸದಸ್ಯರಾದವರ ಮೂಲ ವೇತನ ಆಗಲೇ 15,000 ಮೀರಿದ್ದರೆ ಅವರು ಪಿಂಚಣಿ ಯೋಜನೆಗೆ ಸೇರುವುದಿಲ್ಲ. ಕಂಪನಿಯ ಪೂರ್ಣ ಪಾಲು ಪಿಎಫ್ ಖಾತೆಗೇ ಬರಬೇಕು. ಸಂಬಳ ವಿಭಾಗದವರು ಅಜಾಗರೂಕತೆಯಿಂದ ಇಂಥವರ ಹೆಸರಿನಲ್ಲಿಯೂ ಪಿಂಚಣಿಗೆ ಕಟ್ಟಿಬಿಡುವುದುಂಟು, ಆ ತಪ್ಪು ಹಲವು ವರ್ಷಗಳ ಮೇಲೆ ಹಣ ವರ್ಗಾಯಿಸುವಾಗಲೋ ಹಿಂಪಡೆಯುವಾಗಲೋ ಅಡ್ಡ ಬರುತ್ತದೆ. ಪಾಸ್‌ಬುಕ್‌ನಲ್ಲಿ ನೌಕರರ ಪಾಲು, ಮಾಲೀಕರ ಪಾಲು, ಪಿಂಚಣಿ ಎಂದು ಮೂರು ಕಾಲಮ್‌ಗಳಿರುತ್ತವೆ. ಸೇರಿದ ಎರಡನೆಯ ತಿಂಗಳಲ್ಲೇ ಮೂರನ್ನೂ ನೋಡಿ, ತಪ್ಪಿದ್ದರೆ ಆಗಲೇ ತಿದ್ದಿಸಿ.

ಪಾಸ್‌ಬುಕ್ ನೋಡುವ ಅಭ್ಯಾಸ ಗುತ್ತಿಗೆ ನೌಕರರಿಗಂತೂ ಅತ್ಯಗತ್ಯ. ಪೇ ಸ್ಲಿಪ್‌ನಲ್ಲಿ ಪಿಎಫ್ ಕಡಿತವಾಗಿದೆ ಎಂದ ಮಾತ್ರಕ್ಕೆ ಅದು ನಿಧಿಗೆ ಜಮೆಯಾಗಿದೆ ಎಂದು ತಿಳಿಯಬಾರದು. ಉಮಂಗ್ ಆ್ಯಪ್‌ನಲ್ಲಿ ಯುಎಎನ್ ಎಂಬ ನಿಮ್ಮ ಪಿಎಫ್ ಸದಸ್ಯತ್ವದ ಸಂಖ್ಯೆಯಿಂದ ತಿಂಗಳಿಗೊಮ್ಮೆ ನೋಡಿದರೆ ಐದು ನಿಮಿಷದ ಕೆಲಸ. ಕಾವಲು, ಸ್ವಚ್ಛತೆಯಂಥ ಕೆಲಸಗಳಿಗೆ ಗುತ್ತಿಗೆದಾರರ ಮೂಲಕ ಸೇರಿದವರು ನೆನಪಿಡಬೇಕಾದ ಸಂಗತಿಯೆಂದರೆ, ಗುತ್ತಿಗೆದಾರ ಕಟ್ಟದಿದ್ದರೆ ಅವರನ್ನು ದುಡಿಸಿಕೊಳ್ಳುವ ಮೂಲ ಸಂಸ್ಥೆಯೇ ಅದಕ್ಕೆ ಹೊಣೆ. ಈ ಹಣ ದುಡಿಯುವವರಿಗೆ ಎಷ್ಟು ಮುಖ್ಯವೆಂಬುದನ್ನು ಬೆಂಗಳೂರು 2016ರ ಏಪ್ರಿಲ್‌ನಲ್ಲಿ ಕಣ್ಣಾರೆ ಕಂಡಿದೆ: ಪಿಎಫ್ ಹಿಂಪಡೆಯುವುದಕ್ಕೆ ಕೇಂದ್ರ ಸರ್ಕಾರ ತಂದ ನಿರ್ಬಂಧದ ವಿರುದ್ಧ ಸಾವಿರಾರು ಗಾರ್ಮೆಂಟ್ ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಹೊಸೂರು ರಸ್ತೆಗೆ ಇಳಿದರು, ಮತ್ತು ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು.

ನಾಮನಿರ್ದೇಶನವನ್ನು ಜನ ಬಹಳ ಉದಾಸೀನ ಮಾಡುತ್ತಾರೆ. ಮದುವೆಗೆ ಮೊದಲು ತಂದೆತಾಯಿಯ ಹೆಸರಿನಲ್ಲಿ ಮಾಡಿದ ಪಿಎಫ್ ನಾಮನಿರ್ದೇಶನ ಮದುವೆಯಾದೊಡನೆ ಅಸಿಂಧುವಾಗುತ್ತದೆ, ಹೊಸದಾಗಿ ಮಾಡಲೇಬೇಕು. ಪಿಎಫ್ ಸದಸ್ಯರು ಸೇವೆಯಲ್ಲಿರುವಾಗ ತೀರಿಕೊಂಡರೆ ಕುಟುಂಬಕ್ಕೆ ಗರಿಷ್ಠ 7 ಲಕ್ಷ ರೂಪಾಯಿಯವರೆಗೆ ವಿಮಾ ಹಣ ಕೊಡುವ ಯೋಜನೆಯೂ ಇದರ ಜೊತೆಗಿದೆ. ಅದಕ್ಕೆ ನೌಕರರಿಂದ ಒಂದು ಪೈಸೆಯೂ ಕಡಿತವಾಗುವುದಿಲ್ಲ, ಹಾಗಾಗಿ ಅದು ಇದೆಯೆಂಬುದೇ ಅನೇಕ ಮನೆಗಳಿಗೆ ಗೊತ್ತಿರುವುದಿಲ್ಲ. ಈ ವಿಷಯವನ್ನು ಇವತ್ತೇ ಮನೆಯಲ್ಲಿ ಹೇಳಿಡಿ.

ಗ್ರಾಚ್ಯುಟಿ

ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಸತತ ಐದು ವರ್ಷ ದುಡಿದವರಿಗೆ, ಬಿಡುವಾಗಿನ ಮಾಸಿಕ ವೇತನವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿದ ಮೊತ್ತ ಪ್ರತಿ ಸೇವಾವರ್ಷಕ್ಕೂ ಸಿಗಬೇಕು. ಕೊನೆಯ ವೇತನ 37,500 ಇದ್ದು, ಆರು ವರ್ಷ ಏಳು ತಿಂಗಳು ದುಡಿದಿದ್ದರೆ, ಆರು ತಿಂಗಳು ಮೀರಿದ ಭಾಗವನ್ನು ಪೂರ್ಣ ವರ್ಷವೆಂದು ಹಿಡಿಯುವುದರಿಂದ ಏಳು ವರ್ಷಕ್ಕೆ 1,51,442 ರೂಪಾಯಿ. ನಾಲ್ಕೂವರೆ ವರ್ಷ ಮುಗಿಸಿ ಬೇರೆ ಕೆಲಸದ ಯೋಚನೆಯಲ್ಲಿರುವವರು ಹೊಸ ಸಂಬಳದ ಹೆಚ್ಚಳವನ್ನೂ ಬಿಟ್ಟುಹೋಗುವ ಈ ಮೊತ್ತವನ್ನೂ ಎದುರುಬದುರಾಗಿಟ್ಟು ನೋಡಬೇಕು. ಕೆಲವೊಮ್ಮೆ ಸೇರುವ ದಿನಾಂಕವನ್ನು ಮುಂದಕ್ಕೆ ಹಾಕಿಸಿಕೊಂಡರೆ ಸಾಕಾಗುತ್ತದೆ. ನೌಕರರು ತೀರಿಕೊಂಡರೆ ಅಥವಾ ಅಂಗವಿಕಲರಾದರೆ ಐದು ವರ್ಷದ ಷರತ್ತು ಇಲ್ಲ. ನಿಗದಿತ ಅವಧಿಯ ಒಪ್ಪಂದದ ಮೇಲೆ ಕೆಲಸ ಮಾಡುವವರಿಗೆ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಯ ಹಕ್ಕು ಬರುತ್ತದೆ. ಬೆಂಗಳೂರಿನಲ್ಲಿ ಒಂದು ವರ್ಷ, ಎರಡು ವರ್ಷದ ಒಪ್ಪಂದಗಳ ಮೇಲೆ ದುಡಿಯುವವರು ಬಹಳ ಮಂದಿ ಇರುವುದರಿಂದ ಈ ಬದಲಾವಣೆ ದೊಡ್ಡದು.

ಆರೋಗ್ಯ ವಿಮೆ: ಎಲ್ಲಕ್ಕಿಂತ ಹೆಚ್ಚು ಓದಬೇಕಾದ ಕಾಗದ

ತಿಂಗಳ ವೇತನ 21,000 ರೂಪಾಯಿಯವರೆಗೆ ಇರುವವರಿಗೆ, ಅಂಗವಿಕಲರಾದರೆ 25,000ದವರೆಗೆ, ನೌಕರರ ರಾಜ್ಯ ವಿಮೆ ಅನ್ವಯಿಸುತ್ತದೆ. ನೌಕರರಿಂದ ಶೇ. 0.75, ಮಾಲೀಕರಿಂದ ಶೇ. 3.25. 18,000 ಸಂಬಳದವರಿಗೆ ಕಡಿತವಾಗುವುದು 135 ರೂಪಾಯಿ. ಅದಕ್ಕೆ ಪ್ರತಿಯಾಗಿ ಕುಟುಂಬಕ್ಕೆಲ್ಲ ಚಿಕಿತ್ಸೆ, ಕಾಯಿಲೆ ಬಿದ್ದು ರಜೆ ಹಾಕಿದರೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70, ಹೆರಿಗೆಗೆ 26 ವಾರಗಳ ಹಣ. ಖಾಸಗಿ ವಿಮೆಯಲ್ಲಿ ಕೆಲಸ ತಪ್ಪಿದ ದಿನಗಳ ಸಂಬಳ ಸಾಮಾನ್ಯವಾಗಿ ಸಿಗುವುದಿಲ್ಲ. ಆದರೂ ರಾಜಾಜಿನಗರ, ಪೀಣ್ಯ, ಇಂದಿರಾನಗರದ ಇಎಸ್‌ಐ ಆಸ್ಪತ್ರೆಗಳ ಸರದಿಗೆ ಅಂಜಿ, ಸಾಲ ಮಾಡಿ ಖಾಸಗಿ ಆಸ್ಪತ್ರೆಗೆ ಹೋಗುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಹತ್ತಿರದ ಡಿಸ್ಪೆನ್ಸರಿಯನ್ನು ಗುರುತಿಸಿ, ಮನೆಯವರೆಲ್ಲರ ಹೆಸರನ್ನು ನೋಂದಾಯಿಸಿ, ಇ-ಪಹಚಾನ್ ಎಂಬ ಇಎಸ್‌ಐ ಗುರುತಿನ ಕಾರ್ಡ್ ಪಡೆದಿಟ್ಟುಕೊಂಡರೆ ಅಗತ್ಯ ಬಂದಾಗ ಅರ್ಧ ದಾರಿ ಸವೆದಿರುತ್ತದೆ. ವೇತನ ಮಧ್ಯದಲ್ಲಿ 21,000 ದಾಟಿದರೂ, ಏಪ್ರಿಲ್‌ನಿಂದ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಿಂದ ಮಾರ್ಚ್ ಎಂಬ ವಂತಿಗೆಯ ಅವಧಿ ಮುಗಿಯುವವರೆಗೆ ಸದಸ್ಯತ್ವ ಮುಂದುವರಿಯುತ್ತದೆ.

ಅದಕ್ಕಿಂತ ಹೆಚ್ಚಿನ ಸಂಬಳದವರಿಗೆ ಕಂಪನಿಗಳು ಗುಂಪು ಆರೋಗ್ಯ ವಿಮೆ ಮಾಡಿಸುತ್ತವೆ. ಐದು ಲಕ್ಷದ ವಿಮೆ ಇದೆ ಎಂದು ಕೇಳಿ ತೃಪ್ತರಾಗಬೇಡಿ. ಒಳಗಿರುವ ಷರತ್ತುಗಳಲ್ಲಿ ನನ್ನ ಅನುಭವದಲ್ಲಿ ಹೆಚ್ಚು ಪೆಟ್ಟು ಕೊಟ್ಟದ್ದು ಕೋಣೆ ಬಾಡಿಗೆಯ ಮಿತಿ. ನನ್ನ ತಂದೆಯವರನ್ನು ನಗರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದಾಗ ನಮ್ಮ ವಿಮೆ 3 ಲಕ್ಷದ್ದಿತ್ತು, ಕೋಣೆಗೆ ದಿನಕ್ಕೆ ಶೇ. 1, ಅಂದರೆ 3,000 ರೂಪಾಯಿಯ ಮಿತಿ. ಅವರಿಗೆ ನೆಮ್ಮದಿಯಿರಲಿ ಎಂದು 6,000 ರೂಪಾಯಿಯ ಒಂಟಿ ಕೋಣೆ ಹಿಡಿದೆವು. ಕೋಣೆಯ ಹೆಚ್ಚುವರಿ ಮೂರು ಸಾವಿರವನ್ನು ನಾವು ಕೊಟ್ಟರಾಯಿತು ಎಂದುಕೊಂಡಿದ್ದೆವು. ಆದರೆ ಮಿತಿಯ ಎರಡರಷ್ಟು ಬಾಡಿಗೆಯ ಕೋಣೆಯಲ್ಲಿದ್ದುದರಿಂದ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ, ಶುಶ್ರೂಷೆಯ ಶುಲ್ಕ ಎಲ್ಲದರಲ್ಲೂ ಅರ್ಧವನ್ನಷ್ಟೇ ವಿಮಾ ಕಂಪನಿ ಒಪ್ಪಿತು. ವೆಚ್ಚದ ಅನುಪಾತ ಕಡಿತವೆಂದು ಇದನ್ನು ಕರೆಯುತ್ತಾರೆ. ಔಷಧಿ, ದೇಹದೊಳಗೆ ಇಡುವ ಉಪಕರಣ, ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮುಂತಾದವಕ್ಕೆ ಈ ಕಡಿತ ಹಾಕುವಂತಿಲ್ಲವೆಂಬ ನಿಯಮವಿದೆ. ಬಿಲ್ ಇತ್ಯರ್ಥವಾಗುವಾಗ ಅದನ್ನು ಸಾಲುಸಾಲಾಗಿ ಪರಿಶೀಲಿಸಬೇಕು. ಆಸ್ಪತ್ರೆಯ ಪ್ರವೇಶದ ಕೌಂಟರಿನಲ್ಲಿ ನಿಂತಾಗ ನಿಮ್ಮ ವಿಮೆಯ ಕೋಣೆ ಮಿತಿ ಬಾಯಿಗೆ ಬರುವಂತಿರಲಿ.

ಇನ್ನು ಕೇಳಬೇಕಾದವು ಹೀಗಿವೆ. ತಂದೆತಾಯಿಯರನ್ನು ಸೇರಿಸಬಹುದೇ, ಸೇರಿಸಿದರೆ ಕಂತು ಯಾರದು, ಅವರ ಬಿಲ್‌ನಲ್ಲಿ ಶೇ. 10 ಅಥವಾ 20ರಂತೆ ನಾವು ಭರಿಸಬೇಕಾದ ಕೋ-ಪೇ ಇದೆಯೇ? ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಮೊದಲ ದಿನದಿಂದಲೇ ರಕ್ಷಣೆ ಇದೆಯೇ? ಇದು ಗುಂಪು ವಿಮೆಯ ಅತಿ ದೊಡ್ಡ ಗುಣ; ವಯಸ್ಸಾದ ತಂದೆತಾಯಿಗೆ ಬೇರೆಯಾಗಿ ವಿಮೆ ಸಿಗುವುದು ಕಷ್ಟವಾಗಿರುವ ಮನೆಗಳಿಗೆ ಈ ಒಂದು ಅಂಶವೇ ಸಂಬಳದಲ್ಲಿನ ಸಣ್ಣ ವ್ಯತ್ಯಾಸವನ್ನು ಸರಿದೂಗಿಸಬಹುದು. ಹೆರಿಗೆಗೆ ಎಷ್ಟು ಮಿತಿ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಎಷ್ಟು, ನಿಮ್ಮ ಮನೆಯ ಸುತ್ತಮುತ್ತ ಯಾವ ಆಸ್ಪತ್ರೆಗಳಲ್ಲಿ ನಗದುರಹಿತ ಸೌಲಭ್ಯವಿದೆ ಎಂಬುದನ್ನೂ ಕೇಳಿಕೊಳ್ಳಿ. ಊರಿನಲ್ಲಿರುವ ತಂದೆತಾಯಿಗೆ ಬೆಂಗಳೂರಿನ ಆಸ್ಪತ್ರೆಗಳ ಪಟ್ಟಿಯಿಂದ ಪ್ರಯೋಜನ ಕಡಿಮೆ, ಆದ್ದರಿಂದ ಶಿವಮೊಗ್ಗದಲ್ಲೋ ಹುಬ್ಬಳ್ಳಿಯಲ್ಲೋ ಯಾವುದಿದೆ ಎಂದು ವಿಚಾರಿಸುವುದು ಅಷ್ಟೇ ಮುಖ್ಯ. ಮದುವೆಯಾದಾಗ, ಮಗು ಹುಟ್ಟಿದಾಗ ಹೆಸರು ಸೇರಿಸಲು ಕೆಲವೇ ದಿನಗಳ ಗಡುವು ಇರುತ್ತದೆ. ತಪ್ಪಿದರೆ ಮುಂದಿನ ನವೀಕರಣದವರೆಗೆ ಕಾಯಬೇಕು.

ಕಂಪನಿಯ ವಿಮೆಯೊಂದನ್ನೇ ನಂಬಿ ಕೂರುವುದು ಅಪಾಯಕರ. ಕೆಲಸದ ಕೊನೆಯ ದಿನ ಅದು ನಿಲ್ಲುತ್ತದೆ, ಎರಡು ಕೆಲಸಗಳ ನಡುವಿನ ಆ ತಿಂಗಳಲ್ಲೇ ಆಸ್ಪತ್ರೆ ಸೇರುವ ಪ್ರಸಂಗ ಬರಬಹುದು. ವಯಸ್ಸು ಚಿಕ್ಕದಿರುವಾಗಲೇ ಸ್ವಂತದ್ದೊಂದು ಪಾಲಿಸಿ ಮಾಡಿಸಿದರೆ, ಕೆಲವು ಕಾಯಿಲೆಗಳಿಗೆ ರಕ್ಷಣೆ ಸಿಗಲು ಕಾಯಬೇಕಾದ ಅವಧಿಗಳು ಆರೋಗ್ಯವಾಗಿರುವಾಗಲೇ ಕಳೆದುಹೋಗುತ್ತವೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಜಿಎಸ್‌ಟಿಯನ್ನು ತೆಗೆದುಹಾಕಿರುವುದರಿಂದ ಹೊರೆಯೂ ಸ್ವಲ್ಪ ಇಳಿದಿದೆ.

ರಜೆ, ಹೆರಿಗೆ, ರಾತ್ರಿ ಪಾಳಿ

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ದುಡಿದ ಪ್ರತಿ 20 ದಿನಕ್ಕೆ ಒಂದು ದಿನದ ಗಳಿಕೆ ರಜೆ ಸಿಗಬೇಕು. ಬಳಸದೆ ಉಳಿದದ್ದನ್ನು 45 ದಿನಗಳವರೆಗೆ ಮುಂದಕ್ಕೆ ಒಯ್ಯಬಹುದು. ಇದಲ್ಲದೆ ಕಾಯಿಲೆ ಮತ್ತಿತರ ಕಾರಣಗಳಿಗೆ ವರ್ಷಕ್ಕೆ 12 ದಿನ. ರಾಜ್ಯದ ರಾಷ್ಟ್ರೀಯ ಮತ್ತು ಹಬ್ಬದ ರಜಾ ಕಾಯ್ದೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1ನ್ನು ರಜೆಯೆಂದು ನಿಗದಿಪಡಿಸಿದೆ, ಜೊತೆಗೆ ಐದು ಹಬ್ಬಗಳು. ಹೊರದೇಶದ ಗ್ರಾಹಕರ ಪಂಚಾಂಗದಂತೆ ನಡೆಯುವ ಕಚೇರಿಗೂ ರಾಜ್ಯೋತ್ಸವದ ರಜೆ ಐಚ್ಛಿಕವಲ್ಲ. ಆ ದಿನ ದುಡಿಸಿಕೊಂಡರೆ ಪರಿಹಾರ ಕೊಡಬೇಕು.

ಮಿತಿಯಿಲ್ಲದ ರಜೆ ಎಂದು ಪ್ರಚಾರ ಮಾಡುವ ನವೋದ್ಯಮಗಳಲ್ಲಿ ಒಂದು ಪ್ರಶ್ನೆ ಕೇಳಿ: ಬಿಡುವಾಗ ಉಳಿದ ಗಳಿಕೆ ರಜೆಗೆ ಹಣ ಕೊಡುತ್ತೀರಾ? ಲೆಕ್ಕವೇ ಇಡದ ರಜೆಗೆ ನಗದೀಕರಣವೂ ಇರುವುದಿಲ್ಲ. ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ಮಹಿಳಾ ನೌಕರರಿಗೆ ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನ ವೇತನಸಹಿತ ಋತುಚಕ್ರ ರಜೆಯ ಆದೇಶ ಹೊರಡಿಸಿತು. ಅದು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನೆಗೆ ಒಳಗಾಗಿದ್ದರೂ ಹಲವು ಸಂಸ್ಥೆಗಳು ಇಂಥ ರಜೆಯನ್ನು ತಮ್ಮ ನೀತಿಯಾಗಿಯೇ ಕೊಡುತ್ತವೆ. ನಿಮ್ಮ ಕಂಪನಿಯ ನೀತಿಯನ್ನು ಕೇಳುವುದಕ್ಕೆ ಸಂಕೋಚ ಬೇಡ.

ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ, ಪೂರ್ಣ ವೇತನದೊಂದಿಗೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಆ ಸಂಸ್ಥೆಯಲ್ಲಿ ದುಡಿದಿದ್ದರೆ ಸಾಕು. ಹೊಸದಾಗಿ ಸೇರಿದವರಿಗೆ ಸಿಗುವುದಿಲ್ಲ, ಪ್ರೊಬೇಷನ್‌ನಲ್ಲಿರುವವರಿಗೆ ಇಲ್ಲ ಎಂದು ಹೇಳುವವರ ಮಾತಿಗೆ ಆಧಾರವಿಲ್ಲ. ರಜೆಯ ಕಾಲದಲ್ಲಿ ಕೆಲಸದಿಂದ ತೆಗೆಯುವುದೂ ಕಾನೂನುಬಾಹಿರ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರದ ಸೌಲಭ್ಯವಿರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಿ ಬರಬಹುದು. ಆದರೆ ಆ ಶಿಶುಪಾಲನಾ ಕೇಂದ್ರವು ನಿಮ್ಮ ಕಚೇರಿಯಿಂದ ಎಷ್ಟು ದೂರವಿದೆ ಎಂದು ಕೇಳಿ. ಹೊರವರ್ತುಲ ರಸ್ತೆಯ ಕಚೇರಿಗೆ ಎರಡು ಸಿಗ್ನಲ್ ಆಚೆಯ ಕೇಂದ್ರದ ಜೊತೆ ಒಪ್ಪಂದವಾಗಿದ್ದರೆ ನಾಲ್ಕು ಬಾರಿ ಹೋಗಿಬರುವ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ತಂದೆಗೆ ರಜೆ ಕೊಡಬೇಕೆಂಬ ಕಾನೂನು ಖಾಸಗಿ ಸಂಸ್ಥೆಗಳಿಗಿಲ್ಲ. ಅದು ಸಂಪೂರ್ಣವಾಗಿ ಕಂಪನಿಯ ನೀತಿ, ಹಾಗಾಗಿ ಸೇರುವ ಮುನ್ನವೇ ಕೇಳಿ.

ರಾತ್ರಿ ಪಾಳಿಯಲ್ಲಿ ಹೆಣ್ಣುಮಕ್ಕಳನ್ನು ದುಡಿಸಿಕೊಳ್ಳುವ ಸಂಸ್ಥೆ ಮನೆಬಾಗಿಲಿನಿಂದ ಕಚೇರಿಗೆ, ಕಚೇರಿಯಿಂದ ಮನೆಬಾಗಿಲಿಗೆ ಉಚಿತ ವಾಹನವನ್ನೂ ರಕ್ಷಣೆಯನ್ನೂ ಒದಗಿಸಬೇಕು. 2005ರಲ್ಲಿ ಈ ನಗರದ ಕಾಲ್ ಸೆಂಟರ್ ಉದ್ಯೋಗಿಯೊಬ್ಬರು ಕೆಲಸಕ್ಕೆ ಹೊರಟ ರಾತ್ರಿ ಕೊಲೆಯಾದ ನೋವಿನ ಘಟನೆಯ ಬಳಿಕ ಈ ವಿಷಯದಲ್ಲಿ ಬೆಂಗಳೂರು ಹೆಚ್ಚು ಎಚ್ಚರ ವಹಿಸಿತು. ಈ ವಾಹನವನ್ನು ಸಂಬಳದಿಂದ ಕಡಿತ ಮಾಡುವ ಸವಲತ್ತೆಂದು ತೋರಿಸಿದರೆ ಒಪ್ಪಬೇಡಿ.

ಕಂಪನಿ ತಾನಾಗಿ ಕೊಡುವಂಥವು

ಊಟದ ಕಾರ್ಡ್, ಮೊಬೈಲ್ ಮತ್ತು ಬ್ರಾಡ್‌ಬ್ಯಾಂಡ್ ಬಿಲ್, ಜಿಮ್ ಮುಂತಾದವು ಬಂದರೆ ಸಂತೋಷ, ಆದರೆ ಇವುಗಳ ಸಲುವಾಗಿ ಕೆಲಸ ಆಯ್ದುಕೊಳ್ಳಬಾರದು. ದಿನಬಳಕೆಯಲ್ಲಿ ಪ್ರಯಾಣದ ಸೌಲಭ್ಯಕ್ಕೆ ಇವೆಲ್ಲಕ್ಕಿಂತ ಬೆಲೆ ಹೆಚ್ಚು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೊ ಆರಂಭವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಕೆಲಸಗಳ ಲೆಕ್ಕವೇ ಬದಲಾಗಿದೆ. ಕಂಪನಿಯ ಕ್ಯಾಬ್‌ಗೆ ತಿಂಗಳಿಗೆ ಹಣ ಕಡಿತವಾಗುತ್ತಿದ್ದರೆ, ಮೆಟ್ರೊ ಮತ್ತು ನಿಲ್ದಾಣದಿಂದ ಕಚೇರಿಗೆ ಬಸ್ಸಿನ ಖರ್ಚನ್ನು ಹಾಕಿ ನೋಡಿ, ಬೇಡವಾದರೆ ಕ್ಯಾಬ್ ಬಿಡಬಹುದೇ ಎಂದು ಕೇಳಿ.

ತೆರಿಗೆಯ ಬಗ್ಗೆ ಒಂದೇ ಮಾತು. ಹೊಸ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆಯ ವಿನಾಯಿತಿ ಮತ್ತು ಅನೇಕ ಕಡಿತಗಳು ಇಲ್ಲ. ಆದರೆ ಕಂಪನಿ ನಿಮ್ಮ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಖಾತೆಗೆ ಕಟ್ಟುವ ಹಣಕ್ಕೆ ಮೂಲ ವೇತನದ ಶೇ. 14ರವರೆಗೆ ಕಡಿತ ಉಂಟು. ಅನೇಕ ಕಂಪನಿಗಳಲ್ಲಿ ಈ ಆಯ್ಕೆ ಇದ್ದರೂ ಕೇಳಿದವರಿಗೆ ಮಾತ್ರ ಹೇಳುತ್ತಾರೆ.

ನವೋದ್ಯಮಗಳು ಸಂಬಳದ ಕೊರತೆಯನ್ನು ಷೇರಿನ ಆಯ್ಕೆಗಳಿಂದ, ಅಂದರೆ ಕಂಪನಿಯ ಷೇರನ್ನು ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಹಕ್ಕಿನಿಂದ, ತುಂಬಿಕೊಡುವ ಮಾತಾಡುತ್ತವೆ. ಕೋರಮಂಗಲದ, ಎಚ್‌ಎಸ್‌ಆರ್ ಬಡಾವಣೆಯ ಕಚೇರಿಗಳಲ್ಲಿ ಇದರಿಂದ ಮನೆ ಕೊಂಡವರೂ ಇದ್ದಾರೆ, ವರ್ಷಗಳ ದುಡಿಮೆಯ ಕೊನೆಗೆ ಏನೂ ಸಿಗದವರೂ ಇದ್ದಾರೆ. ಆದ್ದರಿಂದ ನಿಧಾನವಾಗಿ ಓದಬೇಕು. ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಹಕ್ಕು ಬರುತ್ತದೆ, ಮೊದಲ ವರ್ಷ ಮುಗಿಯುವವರೆಗೆ ಏನೂ ಬರುವುದಿಲ್ಲ. ಹಕ್ಕು ಬಂದಾಕ್ಷಣ ಷೇರು ನಿಮ್ಮದಾಗುವುದಿಲ್ಲ, ನಿಗದಿತ ಬೆಲೆ ಕೊಟ್ಟು ಕೊಳ್ಳಬೇಕು. ನಿಗದಿತ ಬೆಲೆ 100 ರೂಪಾಯಿ, ಆ ದಿನದ ಮೌಲ್ಯ 400 ರೂಪಾಯಿ ಇದ್ದು ನೀವು 1,000 ಷೇರು ಕೊಂಡರೆ, ಕೊಳ್ಳಲು 1 ಲಕ್ಷ ಬೇಕು. ವ್ಯತ್ಯಾಸದ 3 ಲಕ್ಷವನ್ನು ಸಂಬಳವೆಂದೇ ಪರಿಗಣಿಸಿ ತೆರಿಗೆ ಹಾಕುತ್ತಾರೆ. ಷೇರುಪೇಟೆಗೆ ಬಾರದ ಕಂಪನಿಯ ಷೇರನ್ನು ಮಾರಲು ಕೊಳ್ಳುವವರೇ ಇಲ್ಲದಿರಬಹುದು, ಆದರೆ ತೆರಿಗೆಯನ್ನು ಕೈಯಿಂದ ಕಟ್ಟಬೇಕಾಗುತ್ತದೆ. ಕೆಲಸ ಬಿಟ್ಟ ಮೇಲೆ ಕೊಳ್ಳಲು ಎಷ್ಟು ದಿನ ಅವಕಾಶ, ಕಂಪನಿ ಹಿಂದೆ ಷೇರುಗಳನ್ನು ಮರಳಿ ಕೊಂಡದ್ದುಂಟೇ, ಕಂಪನಿಯ ಒಟ್ಟು ಷೇರುಗಳೆಷ್ಟು ಎಂಬ ಮೂರಕ್ಕೂ ಉತ್ತರ ಸಿಗದಿದ್ದರೆ, ಷೇರಿನ ಬೆಲೆಯನ್ನು ಸೊನ್ನೆಯೆಂದು ಹಿಡಿದೇ ಆಫರನ್ನು ತೂಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮನಸ್ಸಿನ ಆರೋಗ್ಯಕ್ಕೆ ಆಪ್ತಸಮಾಲೋಚಕರ ಸೇವೆಯನ್ನು ಈಗ ಅನೇಕ ಕಂಪನಿಗಳು ಒದಗಿಸುತ್ತವೆ. ಮಾತಾಡಿದ್ದು ಗೋಪ್ಯವಾಗಿರುತ್ತದೆಯೇ, ಕನ್ನಡದಲ್ಲಿ ಮಾತನಾಡುವ ಸಮಾಲೋಚಕರಿದ್ದಾರೆಯೇ ಎಂದು ಕೇಳಿ. ದುಃಖವನ್ನು ತನ್ನ ಭಾಷೆಯಲ್ಲಲ್ಲದೆ ಬೇರೆ ಭಾಷೆಯಲ್ಲಿ ಹೇಳಿಕೊಳ್ಳುವುದು ಎಲ್ಲರಿಗೂ ಆಗುವುದಿಲ್ಲ. ಕಂಪನಿಯ ಮೂಲಕ ಬೇಡವೆನಿಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಉಚಿತವಾಗಿ ಮಾತನಾಡಬಹುದು.

ಕೇಳುವ ಕ್ರಮ

ಆಫರ್ ಬಂದು ಸಹಿ ಹಾಕುವ ಮುನ್ನಿನ ಆ ಕೆಲವು ದಿನಗಳಲ್ಲಿ ನಿಮ್ಮ ಮಾತಿಗೆ ಇರುವಷ್ಟು ಬೆಲೆ ಆಮೇಲೆ ಇರುವುದಿಲ್ಲ. ಫೋನಿನಲ್ಲಿ ವಿಚಾರಿಸಿದರೂ ಇಮೇಲ್‌ನಲ್ಲಿ ಉತ್ತರ ಪಡೆಯಿರಿ. ಪತ್ರ ಹೀಗಿದ್ದರೆ ಸಾಕು: ‘ಆಫರ್ ನೀಡಿದ್ದಕ್ಕಾಗಿ ಧನ್ಯವಾದಗಳು. ನಿರ್ಧಾರ ತಿಳಿಸುವ ಮೊದಲು ಸಂಬಳದ ಮಾಸಿಕ ವಿವರ, ಪಿಎಫ್ ಲೆಕ್ಕದ ಆಧಾರ, ಗುಂಪು ವಿಮೆಯ ಷರತ್ತುಗಳ ಪ್ರತಿ, ರಜಾ ನೀತಿ ಮತ್ತು ನೋಟಿಸ್ ಅವಧಿಯ ನಿಯಮಗಳನ್ನು ದಯವಿಟ್ಟು ಕಳುಹಿಸಿಕೊಡಿ.’ ಇಂಗ್ಲಿಷಿನಲ್ಲಿ ಬರೆಯಬೇಕಾದ ಕಡೆಯೂ ವಿಷಯ ಇದೇ. ಇಷ್ಟು ಕೇಳಿದ್ದಕ್ಕೆ ಆಫರ್ ಹಿಂದೆಗೆದುಕೊಂಡ ಒಂದು ಪ್ರಸಂಗವನ್ನೂ ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ. ಸಂಬಳದ ಮೊತ್ತದಲ್ಲಿ ಮಣಿಯದ ಕಂಪನಿಗಳು ಸೇರುವ ದಿನಾಂಕ, ತಂದೆತಾಯಿಯ ವಿಮೆಯ ಕಂತು, ಮನೆಯಿಂದ ಕೆಲಸ ಮಾಡುವ ದಿನಗಳು, ಹಳೆಯ ಕಂಪನಿಯ ನೋಟಿಸ್ ಅವಧಿಯ ಹಣ ತುಂಬಿಕೊಡುವುದು ಇಂಥವುಗಳಲ್ಲಿ ಮಣಿಯುವುದುಂಟು, ಏಕೆಂದರೆ ಇವು ಬೇರೆ ಲೆಕ್ಕದಿಂದ ಬರುತ್ತವೆ.

ಕೆಲಸ ಬಿಡುವಾಗ

ರಾಜೀನಾಮೆ ಕೊಡುವ ಮೊದಲೇ ಪೇ ಸ್ಲಿಪ್‌ಗಳು, ವಿಮೆಯ ಕಾರ್ಡ್, ರಜೆಯ ಬಾಕಿ ತೋರಿಸುವ ಪುಟ, ಷೇರು ಒಪ್ಪಂದ ಇವೆಲ್ಲವನ್ನೂ ಸ್ವಂತ ಇಮೇಲ್‌ಗೆ ಇಳಿಸಿಕೊಳ್ಳಿ. ಕೊನೆಯ ದಿನ ಸಂಜೆ ಕಂಪನಿಯ ಖಾತೆ ಮುಚ್ಚಿದ ಮೇಲೆ ಒಂದೊಂದು ಕಾಗದಕ್ಕೂ ಅಲೆಯಬೇಕಾಗುತ್ತದೆ. ವೇತನ ಸಂಹಿತೆಯಂತೆ ಬಾಕಿ ವೇತನವನ್ನು ಬಿಟ್ಟ ಎರಡು ಕೆಲಸದ ದಿನಗಳೊಳಗೆ ಕೊಡಬೇಕು; ಗ್ರಾಚ್ಯುಟಿಗೆ 30 ದಿನ. ವಿಮೆ ನಿಲ್ಲುವ ಮುನ್ನ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಬಹುದೇ ಎಂದು ವಿಚಾರಿಸಿ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ ನೋಡಿ, ಹಣವನ್ನು ಹಿಂಪಡೆಯದೆ ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿ. ಐದು ವರ್ಷದೊಳಗೆ ಹಿಂಪಡೆದರೆ ತೆರಿಗೆ ಬೀಳುತ್ತದೆ, ಪಿಂಚಣಿಗೆ ಬೇಕಾದ ಹತ್ತು ವರ್ಷಗಳ ಎಣಿಕೆಯೂ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಬರಬೇಕಾದದ್ದು ಬಾರದಿದ್ದರೆ ಮೊದಲು ಕಂಪನಿಗೆ ಬರಹದಲ್ಲಿ, ದಿನಾಂಕ ಮತ್ತು ಮೊತ್ತದೊಂದಿಗೆ ಕೇಳಿ, ಉತ್ತರಕ್ಕೆ ಹದಿನೈದು ದಿನ ಕೊಡಿ. ಆಮೇಲೆ ಪಿಎಫ್ ದೂರುಗಳನ್ನು ನಿಧಿಯ ಆನ್‌ಲೈನ್ ದೂರು ವ್ಯವಸ್ಥೆಯಲ್ಲಿ ದಾಖಲಿಸಬಹುದು, ಅಥವಾ ರಿಚ್ಮಂಡ್ ವೃತ್ತದ ಬಳಿ ರಾಜಾರಾಂ ಮೋಹನ್ ರಾಯ್ ರಸ್ತೆಯಲ್ಲಿರುವ ಭವಿಷ್ಯ ನಿಧಿ ಭವನಕ್ಕೆ ಹೋಗಬಹುದು. ವೇತನ, ಗ್ರಾಚ್ಯುಟಿ, ಹೆರಿಗೆ ಸೌಲಭ್ಯದ ದೂರುಗಳಿಗೆ ಕಾರ್ಮಿಕ ಇಲಾಖೆ ಇದೆ. ಅದರ ಕೇಂದ್ರ ಕಚೇರಿ ಬನ್ನೇರುಘಟ್ಟ ರಸ್ತೆಯ ಡೈರಿ ವೃತ್ತದ ಬಳಿಯ ಕಾರ್ಮಿಕ ಭವನ. ಹೋಗುವಾಗ ನೇಮಕಾತಿ ಪತ್ರ, ಕೊನೆಯ ಮೂರು ಪೇ ಸ್ಲಿಪ್, ರಾಜೀನಾಮೆ ಸ್ವೀಕರಿಸಿದ ಪತ್ರ ಮತ್ತು ಕಂಪನಿಗೆ ನೀವು ಬರೆದ ಇಮೇಲ್‌ನ ಮುದ್ರಿತ ಪ್ರತಿಗಳನ್ನು ಎರಡೆರಡು ಜೊತೆ ಒಯ್ಯಿರಿ, ಮತ್ತು ಕೊಟ್ಟ ಅರ್ಜಿಗೆ ಮೊಹರು ಹಾಕಿದ ಸ್ವೀಕೃತಿ ಪಡೆಯದೆ ಕೌಂಟರ್ ಬಿಡಬೇಡಿ.